ಬಾಗಿಲಲ್ಲಿ ಅಂದ ಒಂದು ಹೂಂ

ಬೀದರದ ಒಂದು ಫಂಕ್ಷನ್ ಹಾಲ್‌ನ ಬಾಗಿಲು ಕಾಯುತ್ತಿದ್ದವನು ಬಾಬುಮಿಯಾ. ಕರೆಯದೆ ಉಣ್ಣಲು ಬಂದವರನ್ನು ಕಳಿಸುವುದು ಅವನ ಕೆಲಸ. ಕಳಿಸುವುದಕ್ಕೂ ಅವನದೊಂದು ರೀತಿಯಿತ್ತು. ಮೊದಲು ನೀರು ಕೊಡುವನು, ಆಮೇಲೆ ಯಾರ ಕಡೆಯವರೆಂದು ಕೇಳುವನು. ಕರೆಯದೆ ಬಂದವರು ನೀರು ಕುಡಿದು ತಾವಾಗಿಯೇ ಜಾರಿಕೊಳ್ಳುತ್ತಿದ್ದರು.

ಮಾಲೀಕ ಸತೀಶಕುಮಾರನಿಗೆ ಇದು ಸೇರದು. ‘ಕಾಕಾ, ನೀರ ಕುಡಿಸಿ ಬೀಗತನ ಮಾಡ್ಲಾಕತ್ತೀರೇನು? ಕಿಕ್ ಔಟ್ ಮಾಡ್ರಿ’ ಎಂದ.

ಬಾಬುಮಿಯಾ ಮನೆಗೆ ಹೋಗಿ, ಕಾಲೇಜು ಓದುವ ಮೊಮ್ಮಗಳು ಆಯೆಶಾಳಿಗೆ ಅರ್ಥ ಕೇಳಿದ. ಕಿಕ್ ಅಂದರೆ ಒದೆಯುವುದು ಎಂದಳು. ಮುದುಕ ಬೆಚ್ಚಿದ್ದು ನೋಡಿ ಆಕೆಗೆ ನಗು. ‘ಕಾಲೇನು ಮೈಗಿ ಹತ್ತಂಗಿಲ್ಲ ದಾದಾ. ಬರೀ ಹೊರಗ ಹಾಕೋದು.’

ಹಾಗಾದರೆ ಅಷ್ಟೇನು ಕೆಟ್ಟದ್ದಲ್ಲ ಅಂದುಕೊಂಡ.

ಮರುದಿನ ಹಾಲ್‌ನಲ್ಲಿ ರುಕ್ಮಿಣಿಬಾಯಿ ಎಂಬವರ ಮಗಳ ಮದುವೆ. ಕೆಂಪು ರುಮಾಲು ಸುತ್ತಿ, ಧೂಳು ಮೆತ್ತಿದ ಚಪ್ಪಲಿ ಮೆಟ್ಟಿ, ಕಂಕುಳಲ್ಲೊಂದು ಗಂಟು ಇಟ್ಟುಕೊಂಡು ಒಬ್ಬ ಬಂದ. ಸತೀಶಕುಮಾರ ಪಕ್ಕದಲ್ಲೇ ನಿಂತಿದ್ದ. ಬಾಬುಮಿಯಾ ನೀರು ಕೊಡಲಿಲ್ಲ, ಏನೂ ಕೇಳಲಿಲ್ಲ. ಹೊರಗ ನಡೀರಿ ಅಂದುಬಿಟ್ಟ.

‘ಮನಿಯವರೇ ಹೇಳ್ಯಾರೇನ್ರಿ?’

‘ಹೂಂರಿ.’ ಬೇಗ ಮುಗಿದರೆ ಸಾಕಿತ್ತು.

ಆತ ತಲೆ ತಗ್ಗಿಸಿ ಹೋದ.

ತುಸು ಹೊತ್ತಿಗೆ ರುಕ್ಮಿಣಿಬಾಯಿಯವರೇ ಬಾಗಿಲಿಗೆ ಬಂದರು. ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಇವರ ತಮ್ಮ ಸಂತಪುರದ ಮನ್ಮಥಪ್ಪ, ತಾಯಿಯನ್ನು ಮಣ್ಣು ಮಾಡಿದ ದಿನ ಅಕ್ಕನ ಕೂಡ ಮಾತು ಬೆಳೆದು, ಮತ್ತೆ ಅವಳ ಹೊಸ್ತಿಲು ತುಳಿದವನಲ್ಲ. ಬರುತ್ತೇನೆ ಎಂದು ಮುಂಜಾನೆ ಫೋನು ಮಾಡಿದ್ದನಂತೆ. ಕೆಂಪು ರುಮಾಲಿನವನು ಬಂದನೇ ಎಂದು ಕೇಳಿದರು.

ಬಾಬುಮಿಯಾ ಆಟೋ ಹತ್ತಿ ಬಸ್‌ಸ್ಟ್ಯಾಂಡಿಗೆ ಓಡಿದ. ಸಂತಪುರದ ಬಸ್ಸಿನ ಕಿಟಕಿಯಲ್ಲಿ ಕೆಂಪು ರುಮಾಲು ಕಂಡಿತು.

‘ನಿಮ್ಮಕ್ಕ ಹೇಳಿಲ್ರಿ. ನಾನೇ ಸುಳ್ಳ ಅಂದೆ. ಇಳೀರಿ, ಬಾಗಿಲಾಗ ನಿಂತಾರ.’

ಮನ್ಮಥಪ್ಪ ಕಿಟಕಿಯಿಂದ ಬಗ್ಗಿ ಅವನ ಹೆಗಲು ತಟ್ಟಿದ. ‘ಸಾಬ್ರ, ನೀವು ಭಲೇ ಮನಸ್ಯಾ. ಆಕಿ ಮರ್ಯಾದಿ ಉಳಸ್ಲಾಕ ಓಡಿ ಬಂದೀರಿ.’

ಎಷ್ಟು ಹೇಳಿದರೂ ನಂಬಲಿಲ್ಲ. ಬಸ್ಸು ಅಲುಗಿದಾಗ ಗಂಟನ್ನು ಕಿಟಕಿಯಿಂದ ಕೊಟ್ಟ. ಅದರಲ್ಲಿ ಮದುಮಗಳಿಗೆ ತಂದ ಹಸಿರು ಸೀರೆ.

ಬಾಬುಮಿಯಾ ಮರಳುವಷ್ಟರಲ್ಲಿ ಯಾರೋ ದೂರದ ನೆಂಟ ಹುಡುಗಿಯ ಕೈಹಿಡಿದು ನಡೆಸಿದ್ದ. ರುಕ್ಮಿಣಿಬಾಯಿಯವರು ಗಂಟು ಇಸಿದುಕೊಂಡರು. ಕಣ್ಣು ಮಾತ್ರ ಅವನ ಬೆನ್ನ ಹಿಂದೆ ಇನ್ನೊಬ್ಬರನ್ನು ಹುಡುಕುತ್ತಿತ್ತು.

ಸಂಜೆ ಮನೆಯಲ್ಲಿ ಅವನು ಊಟ ಮುಟ್ಟಲಿಲ್ಲ. ಏನಾಯಿತೆಂದು ಆಯೆಶಾ ಕೇಳಿದಳು.

‘ಹತ್ತತದ ಬೇಟಾ,’ ಅಂದ. ‘ಕಾಲು ಹತ್ತತದ.’