ಹೊಸ ಹೆಡ್‌ಫೋನೂ ಅಕ್ಕನ ಪದವೂ

ಹೊಸ ಚಪ್ಪಲಿ ಕಾಲು ಕಚ್ಚುತ್ತದೆ ಎಂಬುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ಹೊಸ ಹೆಡ್‌ಫೋನು ಕಿವಿ ಕಚ್ಚುತ್ತದೆ ಎಂದು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಕಚ್ಚುವುದು ಎಂದರೆ ಮೆತ್ತೆ ಒತ್ತಿ ಕಿವಿ ಕೆಂಪಾಗುವ ಮಾತಲ್ಲ. ಮೆತ್ತೆ ಹಸುಗೂಸಿನ ಕೆನ್ನೆಯಷ್ಟು ಮೃದುವಾಗಿಯೇ ಇದೆ. ಕಚ್ಚುವುದು ಅದರ ಸದ್ದು. ಹತ್ತು ಅಂಗಡಿ ತಿರುಗಿ, ಹೆಂಡತಿಗೆ ಒಂದು ಸುಳ್ಳು ಹೇಳಿ ತಂದ ವಸ್ತುವನ್ನು ತಲೆಗೇರಿಸಿ, ನಾನು ದಿನವೂ ಕೇಳುವ ಹಾಡನ್ನೇ ಹಾಕಿದರೆ, ಅದು ಯಾರೋ ಉಪವಾಸ ಬಿದ್ದು ಎದ್ದವರು ಹಾಡಿದ ಹಾಗೆ ತೆಳ್ಳಗೆ ಕೇಳಿಸಿತು. ಎದೆಗೆ ಗುದ್ದುವ ಆ ಧಮ್ ಧಮ್ ಎಲ್ಲಿ? ಹೆಡ್‌ಫೋನನ್ನು ತೆಗೆದು ತೆಂಗಿನಕಾಯಿ ಅಲ್ಲಾಡಿಸಿ ನೋಡುವಂತೆ ಕಿವಿಯ ಬಳಿ ಅಲ್ಲಾಡಿಸಿದೆ. ಒಳಗೆ ಏನೂ ಸಡಿಲವಾಗಿರಲಿಲ್ಲ.

ಅದರ ಬೆಲೆ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಈ ಬರಹವನ್ನು ನನ್ನ ಹೆಂಡತಿಯೂ ಓದುವ ಸಂಭವವಿದೆ.

ನನ್ನ ಪರಿಚಯ ಹೇಳದೆ ಮುಂದೆ ಹೋದರೆ ನಿಮಗೆ ನನ್ನ ಕಷ್ಟ ಅರ್ಥವಾಗದು. ನಾನು ಹನೂರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಎಂಟನೇ ಕ್ಲಾಸಿನಲ್ಲಿ ಶಾಲೆಗೂ ನನಗೂ ಏಕಕಾಲಕ್ಕೆ ಬೇಸರ ಬಂದು ಇಬ್ಬರೂ ಬೇರೆಯಾದೆವು. ಅಂದಿನಿಂದ ಮದುವೆ, ನಾಮಕರಣ, ತಿಥಿ, ಚುನಾವಣೆ ಎಂದು ಸುತ್ತಲಿನ ಹಳ್ಳಿಗಳಲ್ಲಿ ಎಲ್ಲೆಲ್ಲಿ ಗದ್ದಲ ಬೇಕೋ ಅಲ್ಲಿಗೆಲ್ಲ ಅದನ್ನು ಟೆಂಪೋದಲ್ಲಿ ಹೇರಿಕೊಂಡು ಹೋಗುವುದೇ ನನ್ನ ಕಸುಬು. ಕಮ್ಮಾರಸಾಲೆಯಲ್ಲಿ ಬೆಳೆದ ಬೆಕ್ಕು ಸುತ್ತಿಗೆಯ ಸದ್ದಿಗೆ ಕಣ್ಣು ಕೂಡ ತೆರೆಯುವುದಿಲ್ಲವಂತೆ. ನನ್ನ ಕಿವಿ ಆ ಬೆಕ್ಕಿನ ಜಾತಿಯದು.

ಎರಡು ದಿನ ನೋಡಿ, ಮೂರನೆಯ ದಿನ ಬಸ್ಸು ಹತ್ತಿ ಮೈಸೂರಿನ ಅಂಗಡಿಗೇ ಹೋದೆ. ಅಂಗಡಿಯವನು ನಮ್ಮ ಕೊಳ್ಳೇಗಾಲದ ಕಡೆಯವನೇ ಆಗಿದ್ದರಿಂದ ಮುಲಾಜಿಲ್ಲದೆ ಮಾತನಾಡಿದ. ತಾನೇ ಹಾಕಿಕೊಂಡು, ಕಣ್ಣು ಮುಚ್ಚಿ ಅರ್ಧ ಹಾಡು ಕೇಳಿ, ತೆಗೆದು ನನ್ನ ಕೈಗಿಟ್ಟ.

"ಇದ್ರಲ್ಲೇನೂ ಐಬಿಲ್ಲ ಸಾ. ನಿಮ್ ಕಿವಿ ಒಗ್ಬೇಕು. ಒಂದ್ ಇಪ್ಪತ್ ದಿನ ಬುಡದೆ ಕೇಳಿ."

"ಅಲ್ಲಪ್ಪ, ನಾನು ಮೈಕ್ ಸೆಟ್ನವನು. ಸದ್ದಲ್ಲೇ ಉಟ್ಟಿ ಬೆಳ್ದೋನು."

"ಅದ್ಕೇ ಸಾ ಇಪ್ಪತ್ ದಿನ ಅಂದುದ್ದು. ಬ್ಯಾರೇರ್ಗಾದ್ರೆ ಒಂದ್ ವಾರ ಸಾಕು."

ರಿಪೇರಿಗೆಂದು ತಂದದ್ದು ಹೆಡ್‌ಫೋನನ್ನು. ರಿಪೇರಿ ಬೇಕೆಂದು ತೀರ್ಮಾನವಾದದ್ದು ನನ್ನ ಕಿವಿಗೆ. ಸಂತೆಗೆ ಎತ್ತು ಮಾರಲು ಹೋದವನಿಗೆ ಅಲ್ಲಿಯವರು ಅವನ ಹಲ್ಲನ್ನೇ ಎಣಿಸಿ ಕಳಿಸಿದಂತಾಯಿತು.

ಸರಿ, ಔಷಧಿ ಕುಡಿಯುವವನಂತೆ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಅಂಗಡಿಯಲ್ಲಿ ಕುಳಿತು ಕೇಳತೊಡಗಿದೆ. ಬುತ್ತಿ ತಂದ ಹೆಂಡತಿ ಬಾಗಿಲಲ್ಲೇ ನಿಂತು, ಪಕ್ಕದ ಟೈಲರ್ ಅಂಗಡಿಯವರಿಗೆ ಕೇಳುವ ಹಾಗೆ, "ನೋಡ್ ಬನ್ನಿ, ಎರಡ್ ಕಿವಿಗೂ ತಟ್ಟೆ ಇಡ್ಲಿ ಕಟ್ಕಂಡು ತಪಸ್ಸಿಗ್ ಕೂತವ್ರೆ" ಎಂದಳು. ನನಗೆ ಕೇಳಿಸುವುದಿಲ್ಲ ಎಂದು ಅವಳ ಎಣಿಕೆ. ಆಗ ಹಾಡು ಮುಗಿದಿತ್ತು.

ಯಾವ ದಿನ ಎಂದು ಹೇಳಲಾರೆ, ಕಿವಿ ಒಗ್ಗಿಬಿಟ್ಟಿತು. ಕತ್ತಲೆಯ ಕೋಣೆಗೆ ಹೊಕ್ಕವನಿಗೆ ಮೊದಲು ಏನೂ ಕಾಣದೆ, ಆಮೇಲೆ ಮೂಲೆಯ ಒರಳು, ಗೂಟದ ಅಂಗಿ, ಮಾಡದ ದೀಪ ಒಂದೊಂದೇ ಕಾಣುವುದಿಲ್ಲವೆ, ಹಾಗೆ. ಹಾಡುವವಳು ಸಾಲು ಎತ್ತುವ ಮುಂಚೆ ಉಸಿರು ಎಳೆದುಕೊಳ್ಳುವುದು ಕೇಳಿಸಿತು. ತಬಲದವನ ಬೆರಳು ಚರ್ಮದ ಮೇಲೆ ಸರಿಯುವುದು ಕೇಳಿಸಿತು. ಯಾರದೋ ಬಳೆ, ಯಾರದೋ ಕುರ್ಚಿ ಕಿರ್ ಎಂದದ್ದು. ಇವರೆಲ್ಲ ಇಷ್ಟು ವರ್ಷ ಇಲ್ಲೇ ಇದ್ದರು. ನಾನು ಅವರ ಮೇಲೆ ಧಮ್ ಧಮ್ ಎಂದು ಮಣ್ಣು ಎಳೆದುಬಿಟ್ಟಿದ್ದೆ.

ಇದರಿಂದ ಕಸುಬಿಗೆ ಏಟು ಬಿತ್ತು. ಕೌದಳ್ಳಿಯ ಒಂದು ನಾಮಕರಣಕ್ಕೆ ಸೆಟ್ಟು ಕಟ್ಟಿ, ಹೊಸ ಜ್ಞಾನೋದಯದ ಅಮಲಿನಲ್ಲಿ ಬೇಸ್ ಇಳಿಸಿ, ದನಿ ಹದವಾಗಿ ಇಟ್ಟೆ. ಮಗುವಿನ ಅಜ್ಜ ಓಡಿಬಂದು, "ಏನಣ್ಣ, ಮೈಕ್ಗೆ ಜ್ವರ ಬಂದದಾ? ಮಗಿಗೇ ನಿದ್ದೆ ಬಂದೋಯ್ತು!" ಎಂದು ರೇಗಿದರು. ಮಗು ನಿದ್ದೆ ಮಾಡಿದ ಏಕೈಕ ನಾಮಕರಣ ಎಂಬ ಕೀರ್ತಿ ನನಗೆ ಸಿಕ್ಕಿತೇ ಹೊರತು ಬೇರೇನೂ ಸಿಗಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ನಗೆಯ ಕಥೆಯಾಗಿಯೇ ಮುಗಿಯುತ್ತಿತ್ತು. ಆದರೆ ಒಗ್ಗಿದ ಕಿವಿ ಸುಮ್ಮನಿರಬೇಕಲ್ಲ. ಅಂಗಡಿಯ ಅಟ್ಟದಲ್ಲಿ ಹಳೆಯ ಕ್ಯಾಸೆಟ್ಟುಗಳ ಒಂದು ಡಬ್ಬವಿತ್ತು. ಅವನ್ನೆಲ್ಲ ಕೊಳ್ಳೇಗಾಲದ ಸ್ಟುಡಿಯೋ ಒಂದರಲ್ಲಿ ಮೊಬೈಲಿಗೆ ಹಾಕಿಸಿಕೊಂಡು ಬಂದೆ. ಅದರಲ್ಲೊಂದು ನನ್ನ ಅಕ್ಕ ಚಿಕ್ಕತಾಯಮ್ಮನ ಸೋಬಾನೆ ಪದ.

ಅಕ್ಕನನ್ನು ಕೊಟ್ಟಿರುವುದು ಯಳಂದೂರಿನ ಪಕ್ಕದ ಒಂದು ಹಳ್ಳಿಗೆ. ಇಪ್ಪತ್ತೆರಡು ವರ್ಷದ ಹಿಂದೆ ಅಲ್ಲಿ ಅವಳ ನಾದಿನಿಯ ಮದುವೆ. ಚಪ್ಪರದಡಿ ಹೆಣ್ಣಿಗೆ ಅರಿಶಿನ ಹಚ್ಚುವಾಗ ಮನೆಯ ಸೊಸೆ ಪದ ಎತ್ತಿಕೊಡಬೇಕು. ಆ ಪದ ಕಿವಿಗೆ ಬಿದ್ದ ಮೇಲೆ ಬೀದಿಯ ಮನೆಮನೆಯಿಂದ ಒಬ್ಬೊಬ್ಬ ಹೆಂಗಸು ಬಂದು ಕುಳಿತು, ಅವಳ ಸೊಲ್ಲಿಗೆ ಸೊಲ್ಲು ಕೊಡಬೇಕು. ಅದು ಆ ಊರಿನ ಪದ್ಧತಿ. ಬಾಯಿಮಾತಿನ ಕರೆಗಿಂತ ಪದದ ಕರೆ ದೊಡ್ಡದು. ಹಿಂದೆ ಗಂಟಲಲ್ಲೇ ಕರೆಯುತ್ತಿದ್ದರು. ಮೈಕು ಬಂದ ಮೇಲೆ ಮೈಕಲ್ಲಿ. ನಾನು ಆಗಷ್ಟೇ ಹೊಸ ಆಂಪ್ಲಿಫೈಯರ್ ತಂದಿದ್ದೆ. ಅಕ್ಕನ ಅತ್ತೆ ಮನೆಯವರ ಮುಂದೆ ಮೆರೆಯೋಣವೆಂದು ಬಾಡಿಗೆ ಕೇಳದೆ ಸೆಟ್ಟು ಕಟ್ಟಿ, ಚಪ್ಪರದೊಳಗೆ ಒಂದು ಸಣ್ಣ ಬಾಕ್ಸು, ತೆಂಗಿನ ಮರದ ಮೇಲೆ ಬೀದಿಗೆ ಮುಖ ಮಾಡಿ ತುತ್ತೂರಿ ಬಾಯಿಯ ಎರಡು ಹಾರನ್ನು ಇಟ್ಟೆ.

ಅಕ್ಕ ಹಿಂದೆಂದೂ ಮೈಕು ಹಿಡಿದವಳಲ್ಲ. ಸೌಟು ಹಿಡಿದ ಹಾಗೆ ಹಿಡಿದು, ಬಾಯಿಗೆ ಒತ್ತಿಕೊಂಡು ಎತ್ತಿದ ಕೂಡಲೆ ಹಾರನ್ನು ಹಂದಿ ಕೊಯ್ದಂತೆ ಕಿರುಚಿತು. ಗಂಡಿನ ಕಡೆಯಿಂದ ಸೀರೆ ತಂದವರ ಜೊತೆ ಕೊಳ್ಳೇಗಾಲದ ದೊಡ್ಡ ಮೈಕ್ ಸೆಟ್ಟಿನ ಮಾಲೀಕರೊಬ್ಬರು ಬಂದು ಕುಳಿತಿದ್ದರು. ಅವರು ಮರದ ಕಡೆಗೊಮ್ಮೆ ನೋಡಿದರು, ನನ್ನ ಕಡೆಗೊಮ್ಮೆ ನೋಡಿ ಮುಗುಳ್ನಕ್ಕರು. ಅಷ್ಟೇ. ಆ ಮುಗುಳ್ನಗೆಗೆ ಅಂಜಿ ನಾನು ಹಾರನ್ನಿನ ಗುಂಡಿಯನ್ನು ಪೂರಾ ಇಳಿಸಿಬಿಟ್ಟೆ. ಒಳಗಿನ ಸಣ್ಣ ಬಾಕ್ಸು ಹಾಡುತ್ತಿದ್ದುದರಿಂದ ಅಕ್ಕನಿಗೆ ಗೊತ್ತಾಗಲಿಲ್ಲ. ಅವಳು ಬೀದಿಯನ್ನು ಕರೆಯುತ್ತಿದ್ದೇನೆಂದೇ ತಿಳಿದು ಪದದ ಮೇಲೆ ಪದ ಹೇಳಿದಳು. ಬೀದಿಯಿಂದ ಒಬ್ಬಳೂ ಬರಲಿಲ್ಲ.

ಮಾರನೆಯ ದಿನ ಎದುರು ಸಾಲಿನವರು, "ನಿಮ್ಮನೇಲಿ ಪದ ಏಳೋರೂ ಗತಿ ಇರ್ನಿಲ್ವಾ ಚಿಕ್ತಾಯಿ?" ಎಂದು ಕೇಳಿದರಂತೆ. ಅದನ್ನು ಅಕ್ಕ ಆಡಿಕೊಂಡ ಮಾತೆಂದು ತಿಳಿದಳು. ತನ್ನ ದನಿ ಯಾರೂ ಎದ್ದು ಬರುವಂಥದ್ದಲ್ಲ ಎಂದು ಒಪ್ಪಿಕೊಂಡಳು. ಆಮೇಲೆ ಎಷ್ಟು ಮದುವೆಯಾದರೂ ಪದ ಎತ್ತಲಿಲ್ಲ. ಕರೆದರೆ "ನನ್ ಗಂಟ್ಲು ಒಡ್ದೋಗದೆ" ಎಂದು ಹಿಂದಿನ ಸಾಲಿನಲ್ಲಿ ಕೂರುವಳು. ನನಗೆ ಇದೆಲ್ಲ ಗೊತ್ತಿತ್ತು. ಹೇಳಿದರೆ ನನ್ನ ಹೊಸ ಆಂಪ್ಲಿಫೈಯರಿನ ಮಾನ ಹೋಗುತ್ತಿತ್ತು. ಮೊದಲ ವರ್ಷ ನಾಚಿಕೆಯಿಂದ ಹೇಳಲಿಲ್ಲ. ಎರಡನೆಯ ವರ್ಷ, ಹೋದ ವರ್ಷವೇ ಹೇಳಲಿಲ್ಲವಲ್ಲ ಎಂಬ ನಾಚಿಕೆಯಿಂದ ಹೇಳಲಿಲ್ಲ. ನಾಚಿಕೆಯೂ ಬಸಿರಿನಂತೆ, ತಿಂಗಳು ಕಳೆದ ಹಾಗೆಲ್ಲ ಅಡಗಿಸುವುದು ಕಷ್ಟ.

ಮೈಕಿನಿಂದ ನೇರವಾಗಿ ಕ್ಯಾಸೆಟ್ಟಿಗೆ ತಂತಿ ಎಳೆದಿದ್ದರಿಂದ ಪದ ಮಾತ್ರ ಪೂರ್ತಿ ಉಳಿದಿತ್ತು. ಹೆಡ್‌ಫೋನಿನಲ್ಲಿ ಕೇಳಿದೆ. ಎಂಥ ದನಿ ಅಂತೀರಿ! ಅವಳ ಸೊಂಟದಲ್ಲಿದ್ದ ಎರಡು ವರ್ಷದ ಮಗಳು ಸವಿತಳ ಕಾಲುಗೆಜ್ಜೆ ಕೂಡ ಗಿಲ್ ಎಂದು ಕೇಳಿಸಿತು. ಪದ ಮುಗಿದು ಸುಯ್ ಎನ್ನುವ ಖಾಲಿ ಸದ್ದು. ಇನ್ನು ಬಂದ್ ಮಾಡೋಣ ಎನ್ನುವಷ್ಟರಲ್ಲಿ, ಆ ಸುಯ್ಯ ಹಿಂದಿನಿಂದ, ನನ್ನ ಹಳೆಯ ಟೇಪ್ ರೆಕಾರ್ಡರು ಎಂದೂ ಕೇಳಿಸದಿದ್ದ ಎರಡು ಪಿಸುಮಾತು.

"ಬೀದಿಗ್ ಕೇಳ್ತಾ ಅದಾ ತಮ್ಮ?"

"ಊರ್ಗೆಲ್ಲ ಕೇಳ್ತಾ ಅದೆ, ಏಳಕ್ಕ."

ಅಲ್ಲಿಗೆ ಕ್ಯಾಸೆಟ್ಟು ಮುಗಿದಿತ್ತು. ಎರಡನೆಯ ದನಿ ನನ್ನದು. ಒಂದಿಷ್ಟೂ ನಡುಕವಿಲ್ಲ, ಉಸಿರೂ ತಪ್ಪಿಲ್ಲ. ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದೆನೆ! ಅಷ್ಟು ಬೆಲೆ ಕೊಟ್ಟು ತಂದ ಹೆಡ್‌ಫೋನು ನನಗೆ ಕೇಳಿಸಿದ ಅತಿ ಸ್ಪಷ್ಟವಾದ ಸದ್ದು ಅದೇ.

ಮಾರನೆಯ ಬೆಳಿಗ್ಗೆಯೇ ಕೊಳ್ಳೇಗಾಲಕ್ಕೆ ಹೋಗಿ ಅಲ್ಲಿಂದ ಯಳಂದೂರಿನ ಬಸ್ಸು ಹಿಡಿದೆ. ಸವಿತಳ ಮದುವೆ ಗೊತ್ತಾಗಿ ಮನೆಗೆ ಸುಣ್ಣ ಬಳಿಯುತ್ತಿದ್ದರು. ಅಕ್ಕ ಹಿತ್ತಿಲ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ತಲೆಗೆ ಹೆಡ್‌ಫೋನು ತೊಡಿಸಿ ಪದ ಹಾಕಿದೆ. ಅದನ್ನು ಹಾಕಿಕೊಂಡವರು ಲೋಕಕ್ಕೇ ಕಿವುಡು ಎಂದುಕೊಂಡು ಕೂಗಿ ಮಾತನಾಡುತ್ತಾರೆ.

"ಯಾರ್ಲಾ ಇವ್ಳು? ಚೆಂದಾಗ್ ಏಳ್ತಾವ್ಳೆ!" ಎಂದು ಅಕ್ಕ ಕಿರುಚಿದಳು. ಸುಣ್ಣ ಬಳಿಯುವವರು ಏಣಿಯ ಮೇಲಿಂದ ತಿರುಗಿ ನೋಡಿದರು.

"ನೀನೇ ಕಣಕ್ಕ."

ಪದ ಮುಗಿದು ಪಿಸುಮಾತೂ ಮುಗಿಯುವವರೆಗೆ ಕಾದು, ಹೆಡ್‌ಫೋನು ತೆಗೆದು, ಗುಂಡಿ ಇಳಿಸಿದ್ದನ್ನು ಹೇಳಿದೆ. ಅವಳ ಕೈ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಕಾಳನ್ನು ಸಿಪ್ಪೆಯ ಗುಡ್ಡೆಗೂ ಸಿಪ್ಪೆಯನ್ನು ಮೊರಕ್ಕೂ ಹಾಕುತ್ತಿದ್ದಳು.

"ಅಂಗಾರೆ ಊರ್ಗೆ ಕೇಳ್ನೇ ಇಲ್ಲ?"

"ಇಲ್ಲ ಅಕ್ಕ."

"ಇಪ್ಪತ್ತೆರಡ್ ವರ್ಸ ನನ್ ಗಂಟ್ಲುನ್ ನಾನೇ ಬಯ್ಕಂಡಿವ್ನಲ್ಲೋ, ಪಾಪಿ."

ಬೈದಳು, ನಮ್ಮ ಅವ್ವ ಅಪ್ಪ ಇಬ್ಬರನ್ನೂ ಸೇರಿಸಿಯೇ ಬೈದಳು. ಆಮೇಲೆ ಗಂಟಲು ಸರಿಮಾಡಿಕೊಂಡು ಆ ಪದದ ಮೊದಲ ಸಾಲು ಎತ್ತಿ ನೋಡಿದಳು. ಅರ್ಧಕ್ಕೆ ಉಸಿರು ಕಟ್ಟಿತು. ಇನ್ನೊಮ್ಮೆ ಎತ್ತಿದಳು. ಮೇಲಕ್ಕೆ ಹೋಗಬೇಕಾದ ಕಡೆ ದನಿ ಹರಿದು ಎರಡಾಯಿತು. ಅದು ಒಡೆದಿರಲಿಲ್ಲ ಎಂದು ತಿಳಿಯುವ ಹೊತ್ತಿಗೆ ಅದು ನಿಜವಾಗಿಯೇ ಒಡೆದಿತ್ತು.

"ಈಗ ನೀನ್ ಗುಂಡಿ ಏರ್ಸುದ್ರೂ ಬೀದಿ ಮುಟ್ಟಾಕಿಲ್ಲ ಬುಡು" ಎಂದು ಮೊರದ ಸಿಪ್ಪೆ ಆರಿಸತೊಡಗಿದಳು. ಆರಿಸುತ್ತಲೇ, "ಸವಿತನ್ ಚಪ್ರುದ್ ದಿನ ಅದ್ನೇ ಆಕು. ಆರನ್ನಲ್ಲಿ" ಎಂದಳು.

"ಕೊನೇದು ಎರಡ್ ಮಾತು ತಗ್ಸ್ಬುಡ್ತೀನಿ ಅಕ್ಕ."

"ಯಾಕ್ ತಗ್ಸೀಯ? ನನ್ ಪದಾನೂ ಕೇಳ್ಲಿ, ನಿನ್ ಸುಳ್ಳೂ ಕೇಳ್ಲಿ. ನೀನು ಮಾತ್ರ ಆ ಪೆಟ್ಗೆ ತಾವ್ಕೆ ಓಗ್ಕೂಡ್ದು."

ಹಾಗೆಯೇ ಆಯಿತು. ಚಪ್ಪರದ ದಿನ ಹಾರನ್ನು ಕಟ್ಟಿ, ಪಿಸುಮಾತೂ ಕೇಳುವಷ್ಟು ಗುಂಡಿ ಏರಿಸಿ, ಪದ ಹಚ್ಚಿಟ್ಟ ಕೂಡಲೆ ನನ್ನನ್ನು ಆಂಪ್ಲಿಫೈಯರಿನಿಂದ ಎಬ್ಬಿಸಿ ಹೆಂಗಸರ ನಡುವೆ ಬೆಳ್ಳುಳ್ಳಿ ಬಿಡಿಸಲು ಕೂರಿಸಿದರು. ಹಾರನ್ನಿನ ಸದ್ದು ಕೆಟ್ಟದಾಗಿಯೇ ಇತ್ತು. ಗೆಜ್ಜೆಯಿಲ್ಲ, ಉಸಿರಿಲ್ಲ, ತಗಡು ಬಡಿದಂತೆ ದನಿ. ನನ್ನ ಒಗ್ಗಿದ ಕಿವಿ ಒಳಗೊಳಗೇ ಮುಖ ಸಿಂಡರಿಸಿತು. ಆದರೆ ಎದುರು ಸಾಲಿನ ಮುದುಕಿಯೊಬ್ಬಳು ಕೈ ಒರೆಸಿಕೊಳ್ಳುತ್ತ ಬಂದು, "ಯಾರವ್ವ ಏಳ್ತಿರದು?" ಎನ್ನುತ್ತ ಕುಳಿತಳು. ಅವಳ ಹಿಂದೆ ಇನ್ನಿಬ್ಬರು. ಆಮೇಲೆ ಎಣಿಸುವುದನ್ನು ಬಿಟ್ಟೆ. ಸಾಲು ಮುಗಿದಲ್ಲಿ ಅವರೆಲ್ಲ ಸೊಲ್ಲು ಕೊಟ್ಟರು. ಅವರ ನಡುವೆ ಅಕ್ಕ, ಮಗಳ ಕೆನ್ನೆಗೆ ಅರಿಶಿನ ಹಚ್ಚುತ್ತ, ತನ್ನ ಹಳೆಯ ದನಿಗೆ ತನ್ನ ಹರಿದ ದನಿಯಲ್ಲಿ ಸೊಲ್ಲು ಕೊಡುತ್ತಿದ್ದಳು.

ಕೊನೆಯ ಪದ ಮುಗಿಯುತ್ತ ಬಂತು. ಇನ್ನು ಖಾಲಿ ಸದ್ದು, ಅದರ ಹಿಂದೆ ನನ್ನ ಮಾತು. ಗುಂಡಿ ನಾಲ್ಕು ಮಾರು ದೂರದಲ್ಲಿತ್ತು. ಅಕ್ಕ ತಿರುಗಿ ನನ್ನನ್ನು ನೋಡಿದಳು. ನಾನು ಇನ್ನೊಂದು ಬೆಳ್ಳುಳ್ಳಿ ಗಡ್ಡೆ ತೆಗೆದುಕೊಂಡು ಬಿಡಿಸುತ್ತ ಕುಳಿತೆ.