ಮಾಸ್ತಮ್ಮನ ಕೈಯ ಅಳತೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪೀಣ್ಯದ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದೆ. ನೆಂಟರು ಬಂದರೆ ತೋರಿಸುವುದಕ್ಕೆ ನಮ್ಮೂರಲ್ಲಿ ಇದ್ದದ್ದು ಮೂರೇ: ಕೆರೆ ಏರಿ, ಸೂರು ಬಿದ್ದ ಮಂಟಪ, ಮಾಸ್ತಮ್ಮನ ಕಲ್ಲು. ಗಂಡನ ಚಿತೆಯೇರಿದ ಹೆಂಗಸಿಗೆ ಹಿಂದಿನವರು ನಿಲ್ಲಿಸಿದ ಕಲ್ಲು ಅದು. ಎದೆಮಟ್ಟದ ಚಪ್ಪಡಿ; ಅದರಲ್ಲಿ ಮೊಣಕೈ ಮಡಿಸಿ ಮೇಲೆತ್ತಿದ ಒಂದು ಕೈ, ಮಣಿಕಟ್ಟಿನ ತುಂಬ ಕೆತ್ತಿದ ಬಳೆ. ಅವಳು ನಮ್ಮ ಮನೆತನದವಳೇ ಎಂದು ಅತ್ತೆ ಹೇಳುತ್ತಿದ್ದರು. ಹೆಸರು ಅವರಿಗೂ ಗೊತ್ತಿರಲಿಲ್ಲ.

ಕಲ್ಲಿನ ಹಿಂದೆಯೇ ತಗಡು ಒತ್ತುವ ಕಾರ್ಖಾನೆ ಎದ್ದಿತ್ತು. ಒಳಗೆ ಪ್ರೆಸ್ಸು ಬಿದ್ದಾಗಲೆಲ್ಲ ನೆಲ ಅದುರುತ್ತಿತ್ತು, ಕಲ್ಲಿಗೆ ದಾರದಲ್ಲಿ ಕಟ್ಟಿದ ಗಾಜಿನ ಬಳೆಗಳು ಝಲ್ಲೆನ್ನುತ್ತಿದ್ದವು. ಕಾರಣ ಗೊತ್ತಿದ್ದೂ ನಾನು ಹಿಂತಿರುಗಿ ನೋಡುತ್ತಿದ್ದೆ. ವಾರದ ರಜದ ದಿನ ಪ್ರೆಸ್ಸು ನಿಂತಿರುತ್ತಿತ್ತು; ಆ ದಿನವೂ ಹಿತ್ತಿಲಲ್ಲಿ ಪಾತ್ರೆ ತೊಳೆಯುವಾಗ ಆ ಬಳೆಗಳ ಸದ್ದು ಕಿವಿಗೆ ಬೀಳುತ್ತಿತ್ತು. ರಾಮ ರಾಮ ಎಂದುಕೊಂಡು ತೊಳೆದು ಮುಗಿಸುತ್ತಿದ್ದೆ.

ನಾದಿನಿಗೆ ಹದಿನಾಲ್ಕು ತುಂಬಿದ ವರ್ಷ ಮಾವ ಗಂಡು ಗೊತ್ತುಮಾಡಿದರು. ಹೆಂಡತಿ ತೀರಿಕೊಂಡವನು, ಮೂವತ್ತು ದಾಟಿತ್ತು. ಹುಡುಗಿ ಎರಡು ದಿನ ಊಟ ಬಿಟ್ಟಳು. ನಾನು ಅತ್ತೆಯ ಹತ್ತಿರ ಬಾಯಿ ತೆಗೆದೆ.

"ನಂಗೂ ಇಷ್ಟೇ ವಯಸ್ಸಿಗೆ ಆಗಿದ್ದು, ನಾನೇನ್ ಸತ್ತೋದ್ನಾ?" ಅಂದರು.

ಮದುವಣಗಿತ್ತಿ ತೊಡುವ ಹಸಿರು ಬಳೆ ಮೊದಲು ಮಾಸ್ತಮ್ಮನಿಗೆ ಸಲ್ಲಬೇಕು, ಅದು ಮನೆಯ ಪದ್ಧತಿ. ಹಾಗಾಗಿ ಬಳೆಗಾರ ಕಲ್ಲಿನ ಎದುರಿಗೇ ಗಂಟು ಬಿಚ್ಚಿದ. ನಾದಿನಿಯ ಕೈ ಹಿಡಿದು ಗೆಣ್ಣು ಒತ್ತಿ ನೋಡಿದ.

"ಏನವ್ವ, ಇದು ಕೈಯಾ, ಬೆಂಡೇಕಾಯಾ? ನನ್ತಾವ ಇರೋದ್ರಲ್ಲಿ ಇದೇ ಸಣ್ಣದು."

"ಮಾಸ್ತಮ್ಮಂಗೆ ದೊಡ್ಡದು ಕೊಡಪ್ಪ. ತಾಯಿ ಅವ್ಳು," ಅಂದರು ಅತ್ತೆ.

ಅವನು ಬೇರೆ ಊರಿನವನು, ಕಲ್ಲನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನಾದಿನಿಗೆಂದು ತೆಗೆದ ಬಳೆಯನ್ನೇ ಕಲ್ಲಿನ ಮಣಿಕಟ್ಟಿನ ಮೇಲೆ ಇಟ್ಟ, ಆಮೇಲೆ ಅದರ ಅಂಗೈ ಮೇಲೆ ಇಟ್ಟ.

"ದೊಡ್ಡದ್ಯಾಕವ್ವ? ಇಬ್ರುದೂ ಒಂದೇ ಅಳತೆ. ಇದೂ ಎಳೆ ಮಗೀನ ಕೈಯೇ."

ತಮಾಷೆಗೇ ಹೇಳಿದ್ದು. ಅಷ್ಟರಲ್ಲಿ ಪ್ರೆಸ್ಸು ಬಿತ್ತು. ಹಳೆಯ ಬಳೆಗಳೆಲ್ಲ ಝಲ್ಲೆಂದವು. ಅತ್ತೆ ಕಲ್ಲನ್ನು ನೋಡಿದರು, ಮಗಳ ಕೈ ನೋಡಿದರು. ಮದುವೆಯಾದಾಗಿನಿಂದ ಆ ಕೈಗೆ ಅಡ್ಡಬಿದ್ದು ಮುತ್ತೈದೆತನ ಬೇಡಿಕೊಂಡವರು ಅವರು. ನಾನೂ ಬೇಡಿದ್ದೆ. ಒಂದು ಮಗುವಿನ ಹತ್ತಿರ.

"ಗಂಟು ಕಟ್ಕೊಳಪ್ಪ," ಅಂದರು ಅತ್ತೆ.

ಮನೆಗೆ ಬಂದವರೇ ಮಾವನಿಗೆ, "ಅವ್ಳು ಬ್ಯಾಡ ಅಂತಾವ್ಳೆ," ಅಂದರು.

"ಯಾರು, ನಿನ್ ಮಗ್ಳಾ?"

"ಮಾಸ್ತಮ್ಮ."

ಮಾವ ದೇವರ ಮಾತಿಗೆ ಎದುರಾಡುವವರಲ್ಲ. ಸಂಬಂಧ ಬಿಟ್ಟುಹೋಯಿತು. ನಾದಿನಿ ಆ ದಿನ ಎರಡು ಮುದ್ದೆ ಉಂಡಳು. ಭಗವಂತನ ದಯೆ ಎಂದು ನಾನು ದೀಪ ಹಚ್ಚಿದೆ.

ಕಲ್ಲುಕುಟಿಗ ಜಾಗ ಸಾಲದೆ ಕೈ ಚಿಕ್ಕದು ಮಾಡಿರಬೇಕು ಎಂದು ನನ್ನ ಯಜಮಾನರು ಹೇಳಿದರು. ಇರಬಹುದು. ನಾದಿನಿಯ ಕೈ ಬೆಳೆಯಿತು. ಇಪ್ಪತ್ತಕ್ಕೆ ಅವಳು ಒಪ್ಪಿದ ಕಡೆಗೇ ಮದುವೆಯಾಯಿತು. ಆ ಹೊತ್ತಿಗೆ ಆ ಹಳೆಯ ಅಳತೆ ಅವಳ ಗೆಣ್ಣು ದಾಟುತ್ತಿರಲಿಲ್ಲ. ಕಲ್ಲಿಗೆ ಮಾತ್ರ ನಾನು ಪ್ರತಿ ವರ್ಷ ಅದೇ ಅಳತೆಯದನ್ನು ಕೊಳ್ಳುತ್ತಿದ್ದೆ.

ಒಮ್ಮೆ ಹೊಸ ಬಳೆಗಾರನೊಬ್ಬ, "ಈ ಸಣ್ಣದು ಯಾರ್ಗಕ್ಕ?" ಎಂದು ಕೇಳಿದ.

"ನಮ್ಮನೆ ಮಗೀಗೆ," ಅಂದೆ.

"ಎಷ್ಟು ವರ್ಸ?"

ನಾನು ಕಲ್ಲಿನ ಕಡೆ ನೋಡಿದೆ.