ಹಾಕೊಪಾ ಮಾವನ ಮಾತನ್ನು ನಿಲ್ಲಿಸಿದ ಹಾಡು

ಹಾಕೊಪಾ ಮಾವ ಸಾಕ್ಷಿ ಹೇಳುತ್ತ ನಡುವೆಯೇ ಮಾತು ಮರೆತು ಕೂತುಬಿಟ್ಟರು, ಅದಕ್ಕೇ ಬಯಲು ಕೈತಪ್ಪಿತು ಎಂದು ನಮ್ಮ ಹೊಳೆಯ ಎರಡೂ ದಡದವರು ಈಗಲೂ ಆಡಿಕೊಳ್ಳುತ್ತಾರೆ. ಅವರು ಏನನ್ನೂ ಮರೆತಿರಲಿಲ್ಲ. ಅವರನ್ನು ಕೂರಿಸಿದವಳು ನಾನು, ಪಾರೆಹುಯಿಯಾ, ಅವರ ತಂಗಿಯ ಮಗಳು.

ಮಾವ ನಮ್ಮ ಮಾವೊರಿ ಕುಲದ ಮುಖಂಡರಾದದ್ದು ದೊಡ್ಡ ಮನೆತನದಿಂದಲ್ಲ, ಹಟದಿಂದ. ಮೂವತ್ತೆರಡು ವರ್ಷ ಕುರಿ ಕಡಿಯುವ ಕಾರ್ಖಾನೆಯಲ್ಲಿ ಚಾಕು ಹಿಡಿದವರು. ಎಡಗೈಯ ಎರಡು ಬೆರಳನ್ನು ಅಲ್ಲೇ ಬಿಟ್ಟುಬಂದಿದ್ದರು. ಉಳಿದ ಎಂಟು ಬೆರಳಲ್ಲೇ ಟೈಪ್ ಮಾಡಿ, ಹೊಳೆಬಾಯಿಯ ಬಯಲನ್ನು ವಾಪಸು ಕೊಡಿ ಎಂದು ಸರ್ಕಾರಕ್ಕೆ ಬರೆದ ಕಾಗದಗಳ ಪ್ರತಿಗಳಿಂದ ಒಂದು ಟ್ರಂಕು ತುಂಬಿತ್ತು. ಯುದ್ಧದ ಕಾಲದಲ್ಲಿ ಸೈನ್ಯದವರು ಗುಂಡು ಹೊಡೆಯುವ ತಾಲೀಮಿಗೆಂದು ತೆಗೆದುಕೊಂಡ ನೆಲ ಅದು. ಯುದ್ಧ ಮುಗಿದ ಮೇಲೆ ಕೊಡುತ್ತೇವೆ ಎಂದಿದ್ದರು. ಯುದ್ಧ ಮುಗಿಯಿತು, ಬಯಲು ಒಬ್ಬ ಬಿಳಿಯನ ಕುರಿಗಳಿಗೆ ಹೋಯಿತು. ನಮ್ಮ ಹಿರಿಯರನ್ನು ಹೂಳಿದ ಜಾಗದ ಮೇಲೆ ಅವು ಮೇಯುತ್ತಿದ್ದವು.

ಪ್ರತಿ ವಸಂತಕ್ಕೆ ಮಾವ ಬೇಲಿ ದಾಟಿ ಆ ಬಯಲಲ್ಲಿ ಗೆಣಸಿನ ಬಳ್ಳಿ ನೆಡುತ್ತಿದ್ದರು. ಪ್ರತಿ ವಸಂತಕ್ಕೆ ಪೊಲೀಸಿನವನು ಬರುತ್ತಿದ್ದ. ಅವನೂ ನಮ್ಮ ಕಡೆಯ ಹೆಣ್ಣನ್ನೇ ಕಟ್ಟಿಕೊಂಡವನು, ಹಾಗಾಗಿ ಬೇಲಿಯಾಚೆ ನಿಂತೇ ಕರೆಯುತ್ತಿದ್ದ.

“ಬನ್ನಿ ಮಾವ, ಜೀಪಲ್ಲಿ ಕೂತ್ಕೊಳಿ.”

“ಈ ಸಾಲು ಮುಗಿಸ್ಕೊಂಡು ಬರ್ತೀನಿ ತಡಿಯೋ ಅಳಿಯಾ. ಸುಮ್ನೆ ನಿಂತಿದ್ದೀಯಲ್ಲ, ಆ ಬಳ್ಳಿ ಕಂತೆ ಇತ್ತ ಕೊಡು.”

“ಕೊಟ್ರೆ ನನ್ನನ್ನೂ ಒಳಗೆ ಹಾಕ್ತಾರೆ.”

“ಹಾಕ್ಲಿ ಬಿಡು. ಇಬ್ರೂ ಒಟ್ಟಿಗೇ ಊಟ ಮಾಡೋಣ.”

ಕೊನೆಗೂ, ಮಾವನಿಗೆ ಎಪ್ಪತ್ತೊಂದಾದಾಗ, ವಿಚಾರಣೆಯ ಮಂಡಳಿ ನಮ್ಮ ಸಭಾಮನೆಗೇ ಬರುವುದೆಂದಾಯಿತು. ಸರ್ಕಾರದ ವಾದ ಒಂದೇ. ಏಳು ಮಂದಿ ಒಡೆಯರೂ ಒಪ್ಪಿ ಸಹಿ ಹಾಕಿದ ಕಾಗದ ಇದೆ, ನೆಲವನ್ನು ನಾವು ಕಿತ್ತುಕೊಂಡದ್ದಲ್ಲ, ನೀವೇ ಬಿಟ್ಟುಕೊಟ್ಟದ್ದು.

ವಿಚಾರಣೆಯ ಹಿಂದಿನ ದಿನ ನಾನು ಸಭಾಮನೆಯ ಹಿತ್ತಲಲ್ಲಿ ಬಂದವರ ಅಡುಗೆಗೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದೆ. ಮಾವ ಬಂದು ಎದುರಿಗೆ ಬಕೆಟ್ ಬೋರಲು ಹಾಕಿ ಕೂತರು.

“ಪಾರೆ, ಆ ಏಳು ಸಹಿನೂ ಒಬ್ನೇ ಹಾಕಿದ್ದು.”

“ಯಾರು ಮಾವ?”

“ನಿನ್ನ ತಾತ, ನಿಮ್ಮಪ್ಪನ ಅಪ್ಪ ತೆ ಹಿರಾ. ಸೈನ್ಯದ ಕ್ಯಾಂಪಲ್ಲಿ ಅಡುಗೆ ಕೆಲ್ಸ ಕೊಡ್ತೀವಿ ಅಂದ್ರು. ಉಳಿದ ಆರು ಜನದ ಹೆಸ್ರೂ ಅವನೇ ಗೀಚ್ದ. ಮಸಿ ಕುಡಿಕೆ ಹಿಡ್ಕೊಂಡು ಪಕ್ಕದಲ್ಲಿ ನಿಂತಿದ್ದ ಹುಡುಗ ನಾನೇ. ನಿಮ್ಮಪ್ಪ ಇರೋವರೆಗೂ ನಾನು ಬಾಯಿ ಬಿಡ್ಲಿಲ್ಲ. ನಾಳೆ ಹೇಳ್ಬೇಕು. ಹೇಳಿದ್ರೆ ಬಯಲು ಬರುತ್ತೆ. ನಿಂಗೆ ಬೇಡ ಅನ್ಸಿದ್ರೆ ಈಗ್ಲೇ ಹೇಳ್ಬಿಡು.”

ನಾನು ಬೇಡ ಅನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ. ಆಲೂಗಡ್ಡೆಯ ಕಣ್ಣು ಕೆತ್ತುತ್ತ ಕೂತೆ. ಮಾವ ಅದನ್ನೇ ಒಪ್ಪಿಗೆ ಎಂದುಕೊಂಡು ಭುಜ ತಟ್ಟಿ ಹೋದರು.

ನಮ್ಮಲ್ಲಿ ಗಂಡಸು ಎದ್ದು ಮಾತಾಡಿದ ಮೇಲೆ ಅವನ ಕಡೆಯ ಹೆಂಗಸರು ಎದ್ದು ಹಾಡುತ್ತಾರೆ. ಹಾಡಾದರೆ ಮಾತು ಮುಗಿಯಿತು, ಅವನು ಕೂರಲೇಬೇಕು. ಯಾರಾದರೂ ಕೊರೆಯತೊಡಗಿದರೆ ಬೇಕೆಂದೇ ಬೇಗ ಎದ್ದುಬಿಡುವುದೂ ಉಂಟು. ನಮ್ಮ ಕಡೆ ಹಾಡು ಎತ್ತುವವಳು ನಾನು. ನಾನೆದ್ದರೆ ಹಿಂದಿನ ಇಪ್ಪತ್ತು ಹೆಂಗಸರೂ ಏಳುತ್ತಾರೆ, ಯಾಕೆಂದು ಕೇಳುವುದಿಲ್ಲ.

ಮರುದಿನ ಮಾವ ಒಂದು ಗಂಟೆ ಮಾತಾಡಿದರು. ಬಯಲಲ್ಲಿ ಮಲಗಿರುವ ಒಬ್ಬೊಬ್ಬರ ಹೆಸರನ್ನೂ ಹೇಳಿದರು. ಎದುರು ಬೆಂಚಿನ ಮೊದಲ ಸಾಲಿನಲ್ಲಿ ಹೊಳೆಯಾಚೆಯ ರಾನಿಯೆರಾ ಕೂತಿದ್ದ. ನನ್ನ ಮಗಳನ್ನು ತಂದುಕೊಂಡ ಬೀಗ. ಆ ಬಯಲಲ್ಲಿ ಅವನ ಕಡೆಯವರಿಗೂ ಪಾಲಿತ್ತು. ಅವನ ಮುಂದೆ ನಮ್ಮ ತಾತನ ದೊಡ್ಡತನವನ್ನು ಎಷ್ಟು ಸಲ ಕೊಚ್ಚಿಕೊಂಡಿದ್ದೆನೋ ಲೆಕ್ಕವಿಲ್ಲ.

“ಇನ್ನು ಆ ಕಾಗದದ ವಿಷಯ,” ಎಂದರು ಮಾವ. “ಆ ಸಹಿಗಳನ್ನ ಹಾಕಿದ್ದು...”

ರಾನಿಯೆರಾ ಮುಂದಕ್ಕೆ ಬಾಗಿದ. ನಾನು ಎದ್ದು ಹಾಡು ಎತ್ತಿದೆ.

ಮಾವ ತಿರುಗಿ ನೋಡಿದರು. ಆ ನೋಟದಲ್ಲಿ ಕೋಪವಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಇರಲಿಲ್ಲ. ಹಾಡು ಮುಗಿಯುವವರೆಗೂ ನಿಂತಿದ್ದು, ಕೋಲೂರಿಕೊಂಡು ಕೂತರು. ಮಂಡಳಿಯ ಅಧ್ಯಕ್ಷರು ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದರು.

“ನಮ್ಮ ಹೆಣ್ಮಕ್ಳು ಮುಗಿಸಿದ್ರಲ್ಲ. ಮುಗೀತು,” ಎಂದರು ಮಾವ. ಅವರಿಗೆ ಮಾತು ಮರೆತಿತು, ಅದನ್ನು ಮುಚ್ಚಲು ನಾನು ಹಾಡು ಎತ್ತಿದೆ ಎಂದುಕೊಂಡರು ಎಲ್ಲರೂ.

ಹದಿನಾಲ್ಕು ತಿಂಗಳ ಮೇಲೆ ತೀರ್ಪು ಬಂತು. ಒಪ್ಪಿಗೆಯ ಕಾಗದ ಸುಳ್ಳು ಎನ್ನುವುದಕ್ಕೆ ಸಾಕ್ಷಿ ಇಲ್ಲ, ಬಯಲು ಈಗಿರುವವನಿಗೇ. ನಾನು ಮಾವನ ಮನೆಗೆ ಓಡಿದೆ.

“ಮಾವ, ಸಹಿ ಹಾಕಿದ್ದು ನಮ್ಮ ತಾತ ಅಂತ ನಾನೇ ಬರ್ಕೊಡ್ತೀನಿ.”

“ನೀನು ಕೇಳಿದೋಳು, ಕಂಡೋನು ನಾನು. ನಾನು ಬರೆದ್ರೆ, ಅವತ್ತು ಯಾಕೆ ಕೂತ್ಕೊಂಡೆ ಅಂತ ಕೇಳ್ತಾರೆ. ಆಗ ನಿನ್ನ ಹೆಸ್ರು ಹೇಳ್ಬೇಕಾಗುತ್ತೆ. ತೆ ಹಿರಾ ಸತ್ತೋನು, ಅವನ ಹೆಸ್ರು ಹೇಳೋಕೆ ಮನಸು ಗಟ್ಟಿ ಮಾಡ್ಕೊಂಡಿದ್ದೆ. ನೀನು ಬದುಕಿರೋಳು.”

“ಹೇಳಿ ಮಾವ, ಪರವಾಗಿಲ್ಲ.”

“ಚಾ ಕುಡೀತೀಯಾ?”

ನಾನು ಚಾ ಕುಡಿದೆ. ಇನ್ನೊಮ್ಮೆ ಕೇಳಿಕೊಳ್ಳಬಹುದಿತ್ತು, ಕೇಳಿಕೊಳ್ಳಲಿಲ್ಲ. ಆ ಹೊತ್ತು ನನ್ನ ಎದೆ ಹಗುರಾಯಿತು. ಹಾಡಿದ್ದಕ್ಕಿಂತಲೂ ಆ ಹಗುರಾದದ್ದೇ ನನಗೆ ಹೆಚ್ಚು ನಾಚಿಕೆಯ ವಿಷಯ.

ಮರುವರ್ಷ ಮಾವ ತೀರಿಕೊಂಡರು. ಹೂಳುವ ಮೊದಲು ಮೂರು ದಿನ ಅವರನ್ನು ಸಭಾಮನೆಯಲ್ಲಿ ಇಟ್ಟಿದ್ದೆವು. ಸತ್ತವರನ್ನು ಎದುರಿಗೇ ನಿಂತು ಬೈಯುವುದು ನಮ್ಮಲ್ಲಿ ತಪ್ಪಲ್ಲ. ಮನಸ್ಸಿನಲ್ಲಿದ್ದದ್ದನ್ನು ಅಲ್ಲೇ ಹೇಳಿ ಮುಗಿಸಬೇಕು, ಶವಪೆಟ್ಟಿಗೆಯ ಪಕ್ಕ ಕೂತ ಮನೆಯ ಹೆಂಗಸರು ಅದನ್ನೆಲ್ಲ ಕೇಳಿಸಿಕೊಳ್ಳಬೇಕು. ಎರಡನೆಯ ದಿನ ಮಧ್ಯಾಹ್ನ ರಾನಿಯೆರಾ ಎದ್ದ.

“ಲೇ ಹಾಕೊಪಾ, ನಲವತ್ತು ವರ್ಷ ಸರ್ಕಾರದ ತಲೆ ತಿಂದೆ. ಬೇಕಾದ ಹೊತ್ತಿಗೆ ನಾಲಿಗೆ ಎಲ್ಲಿಟ್ಟಿದ್ದೆ? ನಮ್ಮ ಬಯಲನ್ನೂ ನಿನ್ನ ಜೊತೇಲೇ ಮಣ್ಣು ಮಾಡ್ತಿದ್ದೀಯ. ಹೋಗು, ಹಿರಿಯರ ಮುಂದೆ ನಿಂತು ಜವಾಬು ಹೇಳು.”

ಪೆಟ್ಟಿಗೆಯ ಮುಚ್ಚಳ ತೆಗೆದಿತ್ತು. ಮಾವನ ಮುಖಕ್ಕೆ ಬೀಳುತ್ತಿದ್ದ ಒಂದೊಂದು ಮಾತೂ ನನ್ನ ಮುಖಕ್ಕೆ ಬೀಳಬೇಕಾದದ್ದು. ನನ್ನ ಹೆಸರನ್ನು ಕಾಯಲು ಇನ್ನು ಅವರಿರಲಿಲ್ಲ. ರಾನಿಯೆರಾ ಉಸಿರು ತೆಗೆದುಕೊಳ್ಳಲು ನಿಂತಾಗ ನಾನು ಎದ್ದೆ. ತಪ್ಪು ಅವರದಲ್ಲ, ನನ್ನದು ಎನ್ನಲು ಬಾಯಿ ತೆರೆದೆ.

ಬೀಗನ ಬಾಯಿ ಮುಚ್ಚಿಸಲು ಹಾಡು ಎತ್ತುತ್ತಿದ್ದೇನೆ ಎಂದುಕೊಂಡು ನಮ್ಮ ಹೆಂಗಸರೆಲ್ಲ ಒಟ್ಟಿಗೇ ಎದ್ದರು. ಯಾರೋ ಶುರು ಮಾಡಿಯೂಬಿಟ್ಟರು. ಕೈಯೆತ್ತಿ ನಿಲ್ಲಿಸಬಹುದಿತ್ತು. ನಾನೂ ಹಾಡಿದೆ.